ಇಲಿ ಹಿಡಿಯುವುದಕ್ಕೂ ಬೇಕು ಪಳಗಿದ ಕೈ

ರಾಜಾಜಿನಗರ ಎರಡನೇ ಬ್ಲಾಕಿನ ಕೆಎಲ್‌ಇ ಫಾರ್ಮಸಿ ಕಾಲೇಜಿನಿಂದ ಹೊರಟು ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ, ಪೀಣ್ಯ ಎರಡನೇ ಹಂತದ ಯುರೋಫಿನ್ಸ್ ಅಡ್ವೈನಸ್ ಪ್ರಯೋಗಾಲಯ, ಇತ್ತ ಮಾಗಡಿ ರಸ್ತೆ ಮತ್ತು ಕೆಂಗೇರಿ ಕಡೆಯ ಕಾಲೇಜುಗಳವರೆಗೆ ಒಂದು ಸುತ್ತು ಹಾಕಿದರೆ, ಔಷಧ ವಿಜ್ಞಾನವನ್ನು ಕಲಿಸುವ, ಪರೀಕ್ಷಿಸುವ ಸಂಸ್ಥೆಗಳು ಬೆಂಗಳೂರಿನ ಈ ಮಗ್ಗುಲಲ್ಲಿ ಎಷ್ಟೊಂದಿವೆ ಎಂಬುದು ಗೊತ್ತಾಗುತ್ತದೆ. ನಾವು ನುಂಗುವ ಮಾತ್ರೆ ಮನುಷ್ಯರಿಗೆ ಬರುವ ಮುಂಚೆ ಪ್ರಾಣಿಗಳನ್ನು ದಾಟಿ ಬಂದಿರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತು. ಆ ಪ್ರಾಣಿಗಳನ್ನು ದಿನವೂ ಕೈಯಲ್ಲಿ ಹಿಡಿಯುವವರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅನಿಮಲ್ ಹೌಸಿನ ಅಟೆಂಡರುಗಳು, ಟೆಕ್ನಿಷಿಯನ್ನರು, ಎಂ.ಫಾರ್ಮ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು ಅವರು. ಅವರದು ಒಂದು ಕಸುಬು, ಅದೂ ನಾಜೂಕಿನ ಕಸುಬು.

ಎಷ್ಟು ನಾಜೂಕು ಎಂಬುದಕ್ಕೆ ಇಲಿಗೆ ಬಾಯಿಂದ ಔಷಧ ಕುಡಿಸುವ ಕೆಲಸವನ್ನೇ ನೋಡಿ. ಬಿಳಿ ಚಿಟ್ಟಿಲಿಯ ತೂಕ ಸುಮಾರು 25 ಗ್ರಾಂ. ಮೈಯ ರಕ್ತವೆಲ್ಲ ಸೇರಿದರೂ 2 ಮಿಲಿಲೀಟರ್ ತುಂಬುವುದಿಲ್ಲ. ಅದಕ್ಕೆ ಒಮ್ಮೆ ಕುಡಿಸಬಹುದಾದದ್ದು ಹೆಚ್ಚೆಂದರೆ ಕಾಲು ಮಿಲಿಲೀಟರ್. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಹಿಡಿದು, ಬಾಲವನ್ನು ಕಿರುಬೆರಳಿನ ಸಂದಿಗೆ ಸಿಕ್ಕಿಸಿಕೊಳ್ಳಬೇಕು. ಚರ್ಮ ಬಿಗಿಯಾದರೆ ಇಲಿಗೆ ಉಸಿರು ಕಟ್ಟುತ್ತದೆ, ಸಡಿಲವಾದರೆ ತಿರುಗಿ ಕಚ್ಚುತ್ತದೆ. ತಲೆ, ಕತ್ತು, ಬೆನ್ನು ಒಂದೇ ಗೆರೆಗೆ ಬಂದ ಮೇಲೆ, ತುದಿಗೆ ಗುಂಡು ಇರುವ ಸೂಜಿಯನ್ನು ಬಾಯಿಯ ಮಗ್ಗುಲಿಂದ ಒಳಗೆ ಬಿಡಬೇಕು. ದಾರಿ ಸರಿಯಿದ್ದರೆ ಸೂಜಿ ತನ್ನಷ್ಟಕ್ಕೆ ಇಳಿಯುತ್ತದೆ. ಎಲ್ಲಾದರೂ ತಡೆದರೆ ಒತ್ತುವಂತಿಲ್ಲ, ಹೊರಗೆ ತೆಗೆದು ಮತ್ತೆ ಶುರು ಮಾಡಬೇಕು. ಒತ್ತಿದರೆ ಅನ್ನನಾಳ ಹರಿಯಬಹುದು, ದಾರಿ ತಪ್ಪಿದರೆ ಔಷಧ ಶ್ವಾಸಕೋಶಕ್ಕೆ ಹೋಗುತ್ತದೆ. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ. ಮೊಲದ್ದು ಇನ್ನೊಂದು ಬಗೆ. ಎತ್ತುವಾಗ ಹಿಂಗಾಲಿಗೆ ಆಸರೆ ಕೊಡದಿದ್ದರೆ ಅದು ಝಾಡಿಸಿ ಒದ್ದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು.

ಕೈ ಪಳಗದಿದ್ದರೆ ನೋವು ಪ್ರಾಣಿಗೆ, ನಷ್ಟ ವಿಜ್ಞಾನಕ್ಕೂ. ಇಲಿಯನ್ನು ಬಾಲ ಹಿಡಿದು ಎತ್ತುವುದು ಬಹುಕಾಲದ ರೂಢಿ. ಹಾಗೆ ಎತ್ತಿದ ಇಲಿಗಳಲ್ಲಿ ಆತಂಕ ಹೆಚ್ಚು, ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದವುಗಳಲ್ಲಿ ಕಡಿಮೆ ಎಂದು ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ತೋರಿಸಿಕೊಟ್ಟರು. ಹೆದರಿದ ಪ್ರಾಣಿಯ ಎದೆಬಡಿತ, ರಕ್ತದ ಸಕ್ಕರೆ, ಹಾರ್ಮೋನು ಎಲ್ಲವೂ ಏರುಪೇರಾಗುತ್ತವೆ. ಆಗ ಅಳೆದದ್ದು ಔಷಧದ ಗುಣವನ್ನೋ ಹಿಡಿದವರ ಒರಟುತನವನ್ನೋ ಹೇಳುವುದು ಕಷ್ಟ. ಅಂಥ ಅಂಕಿಅಂಶ ಕಸಕ್ಕೆ ಹೋದರೆ ಪ್ರಯೋಗ ಮರಳಿ ನಡೆಯಬೇಕು, ಅದಕ್ಕೆ ಮತ್ತಷ್ಟು ಪ್ರಾಣಿಗಳು ಬೇಕು.

ನಮ್ಮಲ್ಲಿ ಇದಕ್ಕೆ ಕಾನೂನಿದೆ, ಅದೂ ಹಳೆಯದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ರಚನೆಯಾದ, ಸಿಪಿಸಿಎಸ್‌ಇಎ ಎಂದು ಹೆಸರಾಗಿದ್ದು 2023ರಿಂದ ಸಿಸಿಎಸ್‌ಇಎ ಎನಿಸಿಕೊಂಡಿರುವ ಕೇಂದ್ರ ಸಮಿತಿ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುತ್ತದೆ. ಅನಿಮಲ್ ಹೌಸ್ ಅಲ್ಲಿ ನೋಂದಣಿಯಾಗಿರಬೇಕು. ಸಂಸ್ಥೆಯೊಳಗೆ ನೈತಿಕ ಸಮಿತಿ ಇರಬೇಕು. ಸಿಬ್ಬಂದಿ ಪಡೆದ ತರಬೇತಿಯ ದಾಖಲೆಯನ್ನೂ ಇಟ್ಟಿರಬೇಕು. ಕಾಯ್ದೆಯ 17ನೇ ಕಲಂನಲ್ಲಿರುವ ಒಂದು ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ: ಬರೀ ಕೈಚಳಕ ಕಲಿಯುವುದಕ್ಕೆಂದು ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದನ್ನು ಆದಷ್ಟೂ ತಪ್ಪಿಸಬೇಕು ಎಂಬ ಆಶಯ ಅಲ್ಲಿದೆ. ಪುಸ್ತಕ, ಮಾದರಿ, ಚಲನಚಿತ್ರದಿಂದ ಕಲಿಸಲು ಸಾಧ್ಯವಿದ್ದರೆ ಹಾಗೆಯೇ ಕಲಿಸಿ ಎಂದೂ ಇದೆ.

ಇದರ ಫಲವಾಗಿ ತರಗತಿಗಳು ಬದಲಾಗಿವೆ. ಬಿ.ಫಾರ್ಮ ವಿದ್ಯಾರ್ಥಿಗಳು ಈಗ ಪ್ರಾಣಿ ಪ್ರಯೋಗಗಳನ್ನು ಸಾಫ್ಟ್‌ವೇರ್ ಮತ್ತು ವಿಡಿಯೊಗಳಲ್ಲೇ ಕಲಿಯುತ್ತಾರೆ. ಪುದುಚೇರಿಯ ಜಿಪ್ಮರ್‌ನಲ್ಲಿ ರೂಪುಗೊಂಡ 'ಎಕ್ಸ್‌ಫಾರ್ಮ್' ಅಂಥದೊಂದು ತಂತ್ರಾಂಶ. ಎಷ್ಟೋ ಕಪ್ಪೆ, ಇಲಿ, ಮೊಲಗಳ ಜೀವ ಇದರಿಂದ ಉಳಿದಿದೆ, ಇದು ತುಂಬ ಒಳ್ಳೆಯ ಬದಲಾವಣೆ. ಆದರೆ ಇದೇ ವಿದ್ಯಾರ್ಥಿ ಎಂ.ಫಾರ್ಮ ಸೇರಿದಾಗಲೋ ಪೀಣ್ಯದಲ್ಲಿ ಕೆಲಸ ಹಿಡಿದಾಗಲೋ ಜೀವಂತ ಇಲಿಯನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುತ್ತಾನೆ. ಹಾಗಾಗಿ ಆ ಹಂತದ ತರಬೇತಿಗೆ ಹಿಂದೆಂದಿಗಿಂತ ಹೆಚ್ಚು ಗಮನ ಬೇಕು.

ಒಳ್ಳೆಯ ತರಬೇತಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ಹಿರಿಯರ ಕೈಯನ್ನು ನೋಡಬೇಕು. ಆಮೇಲೆ ಸಿಲಿಕೋನಿನ ಇಲಿ, ಬಳಿಕ ಬೇರೆ ಕಾರಣಕ್ಕೆ ಸತ್ತ ಪ್ರಾಣಿ. ಕೊನೆಗೆ ಜೀವಂತ ಪ್ರಾಣಿ, ಅದೂ ಪಕ್ಕದಲ್ಲಿ ಅನುಭವಿಯೊಬ್ಬರು ನಿಂತಿರುವಾಗ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಲ್ಲಿದ್ದ ಪ್ರಯೋಗಪ್ರಾಣಿ ವಿಜ್ಞಾನ ಕೇಂದ್ರ ಟೆಕ್ನಿಷಿಯನ್ನರಿಗೂ ಮೇಲ್ವಿಚಾರಕರಿಗೂ ಬೇರೆ ಬೇರೆ ಕೋರ್ಸು ನಡೆಸಿ ದೇಶದ ಅನೇಕ ಪ್ರಯೋಗಾಲಯಗಳಿಗೆ ಜನರನ್ನು ಸಿದ್ಧಗೊಳಿಸಿತು.

ತರಬೇತಿಗಿಂತ ಕಷ್ಟದ್ದು ಪರೀಕ್ಷೆ. ಎರಡು ದಿನದ ಕಾರ್ಯಾಗಾರದಲ್ಲಿ ಕೂತು ಎದ್ದವರಿಗೆಲ್ಲ ಸರ್ಟಿಫಿಕೇಟು ಸಿಗುತ್ತದೆ. ಆದರೆ ಬರೀ ಪಾಠ ಕೇಳಿದವರ ಕೈಗೆ ಯಾರೂ ಬಿಎಂಟಿಸಿ ಬಸ್ಸಿನ ಸ್ಟಿಯರಿಂಗ್ ಕೊಡುವುದಿಲ್ಲವಷ್ಟೆ. ಯುರೋಪಿನಲ್ಲಿ ಈಗ ನೇರ ವೀಕ್ಷಣೆಯ ಮೌಲ್ಯಮಾಪನಕ್ಕೆ ಒತ್ತು ಹೆಚ್ಚು. ಕಲಿತವರು ಕೆಲಸ ಮಾಡುವಾಗ ಪರೀಕ್ಷಕರು ಎದುರೇ ನಿಂತು ಪ್ರತಿ ಹೆಜ್ಜೆಯನ್ನೂ ಗುರುತು ಹಾಕಿಕೊಳ್ಳುತ್ತಾರೆ. ಪ್ರಾಣಿಯನ್ನು ಪಂಜರದಿಂದ ತೆಗೆದ ಬಗೆ ಹೇಗಿತ್ತು? ಅದು ನೋವಿನಿಂದ ಕಣ್ಣು ಕಿರಿದು ಮಾಡಿದ್ದು, ಕಿವಿ ಹಿಂದಕ್ಕೆ ಎಳೆದುಕೊಂಡಿದ್ದು ಕಲಿತವರ ಗಮನಕ್ಕೆ ಬಂತೇ? ಯಾವಾಗ ಕೈ ಬಿಡಬೇಕು ಎಂದು ತಿಳಿಯಿತೇ? ಸಾಲದೆ ಬಂದರೆ ಮತ್ತೆ ಕಲಿಕೆಗೆ ವಾಪಸು. ಕೆಲಸ ಬಿಟ್ಟು ಬಹಳ ದಿನವಾದವರಿಗೂ ಮರುಪರೀಕ್ಷೆ. ನಮ್ಮ ಪ್ರತಿ ಅನಿಮಲ್ ಹೌಸಿನಲ್ಲೂ ಈ ಕ್ರಮ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಪರೀಕ್ಷೆಯ ಜೊತೆಗೆ ಮರ್ಯಾದೆಯೂ ಬರಲಿ. ಪಂಜರ ತೊಳೆದು, ನೀರಿನ ಬಾಟಲಿ ತುಂಬಿಸಿ, ಯಾವ ಇಲಿ ಮಂಕಾಗಿದೆ ಎಂದು ಮೊದಲು ಗುರುತಿಸುವವರು ಅಟೆಂಡರುಗಳೇ. ವರ್ಷಗಟ್ಟಲೆ ಈ ಕೆಲಸ ಮಾಡಿದ ಹಲವರಿಗೆ ಪ್ರಾಣಿಗಳ ಕೂದಲು, ಮೂತ್ರದಿಂದ ಅಲರ್ಜಿ, ಉಬ್ಬಸ ಬರುತ್ತದೆ. ತಾವೇ ಸಾಕಿದ ಪ್ರಾಣಿಯ ಜೀವ ತೆಗೆಯುವ ಹೊತ್ತಿನಲ್ಲೂ ಅವರು ಅಲ್ಲಿರಬೇಕು, ಆ ಸಂಕಟ ಸಣ್ಣದಲ್ಲ. ಪ್ರಬಂಧಗಳಲ್ಲಿ ಅವರ ಹೆಸರು ಬರುವುದು ಅಪರೂಪ. ಅವರ ಸಂಬಳ, ಆರೋಗ್ಯ ತಪಾಸಣೆ, ಬಡ್ತಿಗಳು ಅವರ ಕೌಶಲಕ್ಕೆ ತಕ್ಕಂತೆ ಇರಬೇಕು.

ಪ್ರತಿ ಸಂಸ್ಥೆಯ ನೈತಿಕ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಕಳಕಳಿಯುಳ್ಳ ಒಬ್ಬ ಸದಸ್ಯರಿರಬೇಕು ಎಂದು ನಿಯಮವಿದೆ. ಬಸವೇಶ್ವರನಗರದ ನಿವೃತ್ತ ಮೇಷ್ಟರೋ ವಿಜಯನಗರದ ವಕೀಲರೋ ಗೃಹಿಣಿಯೋ ಆ ಕುರ್ಚಿಯಲ್ಲಿ ಕೂರಬಹುದು. ನಿಮಗೆ ಆ ಅವಕಾಶ ಬಂದರೆ ಒಲ್ಲೆ ಎನ್ನಬೇಡಿ. ಮೊದಲ ಸಭೆಯಲ್ಲೇ ತರಬೇತಿ ದಾಖಲೆಯ ಫೈಲನ್ನು ತರಿಸಿ ಕೇಳಿ: ಈ ಪ್ರಾಣಿಗಳನ್ನು ಹಿಡಿಯುವವರು ಯಾರು, ಅವರಿಗೆ ಕಲಿಸಿದವರು ಯಾರು, ಅವರ ಕೈಕೆಲಸವನ್ನು ಕಣ್ಣಾರೆ ನೋಡಿ ಒಪ್ಪಿದವರು ಯಾರು?