ಹಳೆಯ ಕಂಪ್ಯೂಟರ್‌ಗಳ ದಾನ: ಸ್ವೀಕರಿಸುವ ಮುನ್ನ ಗಮನಿಸಬೇಕಾದ ಅಂಶಗಳು



ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳಿಂದ ಪ್ರತಿದಿನ ಸಾವಿರಾರು ಜನರು ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ತೆರಳುತ್ತಾರೆ. ಆ ನಗರದ ಕಛೇರಿಗಳು ಕೆಲವು ವರ್ಷಗಳಿಗೊಮ್ಮೆ ತಮ್ಮ ಕಂಪ್ಯೂಟರ್‌ಗಳನ್ನು ಬದಲಾಯಿಸುತ್ತವೆ. ವಿಂಡೋಸ್ 10 ತಂತ್ರಾಂಶದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದ ಸುಸ್ಥಿತಿಯಲ್ಲಿರುವ ಯಂತ್ರಗಳೂ ಬಳಕೆಯಿಂದ ಹೊರಬರುತ್ತಿವೆ. ಇಂತಹ ಯಂತ್ರಗಳಿಗೆ ಉಚಿತ ಲಿನಕ್ಸ್ ತಂತ್ರಾಂಶ ಅಳವಡಿಸಿದಲ್ಲಿ, ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿ ಕನ್ನಡ ಬೆರಳಚ್ಚು, ಅರ್ಜಿ ಸಲ್ಲಿಕೆ ಹಾಗೂ ಪರೀಕ್ಷಾ ಸಿದ್ಧತೆಗೆ ಇನ್ನೂ ಹಲವು ವರ್ಷ ಬಳಸಬಹುದು.

ಆದರೆ ದಾನವೆಂದು ಬರುವುದೆಲ್ಲವೂ ಉಪಯುಕ್ತವಲ್ಲ. ಮರುಬಳಕೆಯ ಹೆಸರಿನಲ್ಲಿ ಶ್ರೀಮಂತ ರಾಷ್ಟ್ರಗಳಿಂದ ಘಾನಾ, ನೈಜೀರಿಯಾ ಮುಂತಾದ ದೇಶಗಳಿಗೆ ತಲುಪಿದ ಉಪಕರಣಗಳಲ್ಲಿ ಕೆಟ್ಟವೂ ಸೇರಿದ್ದು, ಅವು ಅಲ್ಲಿನ ಕಸದ ರಾಶಿಯಾದವು. ಕಂಪ್ಯೂಟರಿನ ಸರ್ಕ್ಯೂಟ್ ಫಲಕದಲ್ಲಿ ಅತ್ಯಲ್ಪ ಪ್ರಮಾಣದ ಚಿನ್ನವಿರುತ್ತದೆ. ಅದನ್ನು ಆಮ್ಲದಿಂದ ತೆಗೆಯುವ ಅನಧಿಕೃತ ಕೆಲಸದಲ್ಲಿ ಸೀಸದಂತಹ ವಿಷಲೋಹಗಳು ಮಣ್ಣು, ನೀರು ಸೇರುತ್ತವೆ. ಕೆ.ಜಿ.ಎಫ್. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸೈನೈಡ್ ದಿಬ್ಬಗಳು ಇಂದಿಗೂ ಉಳಿದಿವೆ. ಚಿನ್ನ ತೆಗೆದ ಮೇಲೆ ಉಳಿಯುವುದನ್ನು ಯಾರು ಹೊರಬೇಕೆಂಬುದು ನಮ್ಮ ಭಾಗದ ಜನರಿಗೆ ಹೊಸ ಪ್ರಶ್ನೆಯಲ್ಲ.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಮಾತು ಇಲ್ಲಿ ಸಲ್ಲದು. ಆದ್ದರಿಂದ ಕೆಳಕಂಡಂತೆ ಕ್ರಮ ವಹಿಸುವುದು ಸೂಕ್ತ.

1. ದಾನಿಗಳ ಸಮ್ಮುಖದಲ್ಲಿಯೇ ಪ್ರತಿ ಯಂತ್ರವನ್ನು ಚಾಲೂ ಮಾಡಿ ಪರೀಕ್ಷಿಸುವುದು, ಕೆಟ್ಟವುಗಳನ್ನು ಸ್ವೀಕರಿಸದಿರುವುದು.

2. ಎಷ್ಟು ಯಂತ್ರಗಳು ಬೇಕು, ವಿದ್ಯುತ್ ಸಂಪರ್ಕ, ದುರಸ್ತಿ ಮತ್ತು ನಿರ್ವಹಣೆ ಯಾರ ಹೊಣೆ ಎಂಬುದನ್ನು ಸಾಮಾನ್ಯ ಸಭೆಯಲ್ಲಿ ಮೊದಲೇ ನಿರ್ಣಯಿಸುವುದು.

3. ಸ್ವೀಕರಿಸಿದ ಯಂತ್ರಗಳನ್ನು ದಾಸ್ತಾನು ವಹಿಯಲ್ಲಿ ದಾಖಲಿಸುವುದು.

4. ಪಂಚಾಯತಿಯ ಹಳೆಯ ಕಂಪ್ಯೂಟರನ್ನು ಹೊರಗೆ ಕೊಡುವಾಗ, ಅದರಲ್ಲಿರುವ ತೆರಿಗೆ ಮತ್ತು ಫಲಾನುಭವಿಗಳ ವಿವರಗಳನ್ನು ಪೂರ್ಣವಾಗಿ ಅಳಿಸುವುದು. ಕಡತವನ್ನು ಡಿಲೀಟ್ ಮಾಡಿದ ಮಾತ್ರಕ್ಕೆ ಮಾಹಿತಿ ಅಳಿಯುವುದಿಲ್ಲ; ತಂತ್ರಜ್ಞರ ನೆರವಿನಿಂದ ಇಡೀ ಡಿಸ್ಕನ್ನು ಅಳಿಸಬೇಕು.

5. ದುರಸ್ತಿಗೆ ಬಾರದ ಯಂತ್ರಗಳನ್ನು ಗುಜರಿಗೆ ಹಾಕದೆ, ನೋಂದಾಯಿತ ಮರುಸಂಸ್ಕರಣಾ ಘಟಕಕ್ಕೆ ಒಪ್ಪಿಸಿ ರಸೀದಿ ಪಡೆಯುವುದು. ಇಂತಹ ಘಟಕಗಳ ನೋಂದಣಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಡಿ ಕಡ್ಡಾಯವಾಗಿದೆ.

ಅರಿವು ಕೇಂದ್ರದಲ್ಲಿ ಮಕ್ಕಳು ಪ್ರತಿದಿನ ಬಳಸುವ ಎರಡು ಯಂತ್ರಗಳು, ಕೊಠಡಿಯಲ್ಲಿ ಧೂಳು ಹಿಡಿಯುವ ಇಪ್ಪತ್ತಕ್ಕಿಂತ ಮೇಲು.