ಕೊಟ್ಟ ಪದ, ಹದಿನೇಳು ಅಕ್ಷರ

ಹೇಳಿ ಬರೆಸಿದ ಕವಿತೆ ಕವಿತೆಯಾದೀತೆ? ಪಂಡಿತರ ಮನೆಯ ಪಡಸಾಲೆಯಲ್ಲಿಯೂ ಕಾಲೇಜಿನ ಸಾಹಿತ್ಯ ಸಂಘಗಳಲ್ಲಿಯೂ ಈ ಪ್ರಶ್ನೆ ಬಹುಕಾಲದಿಂದ ಸುತ್ತುತ್ತಿದೆ. ಈಚಿನ ವರ್ಷಗಳಲ್ಲಿ ಅದಕ್ಕೆ ಹೊಸ ಸಂದರ್ಭವೊಂದು ಒದಗಿದೆ. ಕವಿತೆಯಲ್ಲಿ ಆಸಕ್ತಿಯುಳ್ಳ ನಾಲ್ಕು ಜನ ಕೂಡುವುದು, ಒಬ್ಬರು ಒಂದು ಪದ ಕೊಡುವುದು, ಉಳಿದವರು ಅದನ್ನು ಹಿಡಿದು ಮೂರು ಸಾಲಿನ ಹೈಕು ಬರೆಯುವುದು: ಈ ರೂಢಿ ಕನ್ನಡಕ್ಕೂ ಕಾಲಿಟ್ಟಿದೆ. ಕಂಡು ಮೂಗು ಮುರಿಯುವವರುಂಟು. ಒಳಗಿನಿಂದ ಉಕ್ಕಬೇಕಾದುದನ್ನು ಹೊರಗಿನಿಂದ ಹಗ್ಗ ಹಾಕಿ ಸೇದುವುದೆ ಎಂದು ಅವರ ಆಕ್ಷೇಪ. ಬಾವಿಯಲ್ಲಿ ನೀರಿದ್ದರೆ ಸೇದುವುದರಲ್ಲಿ ತಪ್ಪೇನೆಂದು ನನಗೆ ತಿಳಿಯದು.

ಕೊಟ್ಟದ್ದನ್ನು ಹಿಡಿದು ಕಟ್ಟುವುದು ನಮಗೆ ಹೊಸದಲ್ಲ. ಭೋಜರಾಜನ ಆಸ್ಥಾನದ ಕಥೆಗಳಲ್ಲಿ ಹೆಜ್ಜೆಹೆಜ್ಜೆಗೂ ಸಮಸ್ಯೆಗಳೇ. ಅಷ್ಟಾವಧಾನದಲ್ಲಿ ಸಮಸ್ಯಾಪೂರಣ, ದತ್ತಪದಿ ಎಂಬ ಎರಡು ಅಂಗಗಳಿವೆ. ಮೊದಲನೆಯದರಲ್ಲಿ ಪೃಚ್ಛಕನು ಅಸಂಬದ್ಧವೆಂದೋ ಅನುಚಿತವೆಂದೋ ತೋರುವ ಒಂದು ಪಾದವನ್ನು ಒಡ್ಡುತ್ತಾನೆ; ಅವಧಾನಿಯು ಉಳಿದ ಮೂರು ಪಾದಗಳಿಂದ ಅದರ ಮಾನ ಉಳಿಸಬೇಕು. ಎರಡನೆಯದರಲ್ಲಿ ಒಂದಕ್ಕೊಂದು ನಂಟಿಲ್ಲದ ನಾಲ್ಕು ಪದಗಳು. ಸಾಲಿಗೊಂದರಂತೆ ಅವನ್ನು ಹೆಣೆದು ಕೇಳಿದ ವಸ್ತುವನ್ನು ವರ್ಣಿಸಬೇಕು. ಶತಾವಧಾನಿ ರಾ. ಗಣೇಶರು ಸಾವಿರಕ್ಕೂ ಮಿಕ್ಕ ಅವಧಾನಗಳಿಂದ ಈ ಕಲೆಯನ್ನು ಕನ್ನಡದಲ್ಲಿ ಮತ್ತೆ ಬೆಳಗಿಸಿದ ಮೇಲೆ ಅದನ್ನು ಕಣ್ಣಾರೆ ಕಂಡವರು ಬಹುಮಂದಿ. ಸಮಸ್ಯೆ ಬಿಡಿಸಿದ ಗಳಿಗೆಯಲ್ಲಿ ಸಭೆ ‘ಭಲೆ’ ಎನ್ನುತ್ತದೆ. ಅದು ಬೀಗ ತೆರೆದಾಗಿನ ಸಂತೋಷ. ಹೈಕುವಿಗೆ ಕೊಡುವ ಪದದ ಸಂತೋಷ ಬೇರೆ ಜಾತಿಯದು. ಅಲ್ಲಿ ಭಲೆಗೆ ಎಡೆ ಕಡಮೆ. ಕೇಳಿದವನು ತುಸು ಸುಮ್ಮನಾದರೆ ಸಾಕು.

ಹೈಕುವಾದರೂ ಏಕಾಂತದಲ್ಲಿ ಹುಟ್ಟಿದ ಕೂಸಲ್ಲ. ಜಪಾನಿನಲ್ಲಿ ಒಬ್ಬನು 5-7-5ರ ಅಳತೆಯಲ್ಲಿ ಮೊದಲ ಪದ್ಯ ಹೇಳುವುದು, ಇನ್ನೊಬ್ಬನು 7-7ರಲ್ಲಿ ಅದಕ್ಕೆ ಕೊಂಡಿ ಹಾಕುವುದು, ಮೂರನೆಯವನು ಮುಂದುವರಿಸುವುದು ಹೀಗೆ ಸರಪಣಿ ಕವಿತೆಯ ಸಂಪ್ರದಾಯವಿತ್ತು. ನಮ್ಮ ಬೀಸುವ ಕಲ್ಲಿನ ಮುಂದೆ ಒಬ್ಬಳು ಎತ್ತಿದ ತ್ರಿಪದಿಗೆ ಇನ್ನೊಬ್ಬಳು ದನಿಗೂಡಿಸುತ್ತಿದ್ದುದು ನೆನಪಾಗುತ್ತದೆ. ಸರಪಣಿಯ ಮೊದಲ ಪದ್ಯಕ್ಕೆ ಹೊಕ್ಕು ಎಂದು ಹೆಸರು. ಬಾಶೋ (1644-1694) ಅದಕ್ಕೆ ಘನತೆ ತಂದನು. ಮಸಾವೊಕ ಶಿಕಿ (1867-1902) ಸರಪಣಿಯಿಂದ ಅದನ್ನು ಬಿಡಿಸಿ ಹೈಕು ಎಂದು ಕರೆದನು. ಬಿಡಿಯಾದ ಮೇಲೂ ಕೂಟ ಉಳಿಯಿತು. ಕುಕಾಯಿ ಎಂಬ ಹೈಕುಕೂಟಕ್ಕೆ ಮೊದಲೇ ಪದ ಗೊತ್ತಾಗಿರುತ್ತದೆ. ಎಲ್ಲರೂ ಹೆಸರು ಹಾಕದೆ ಚೀಟಿಗಳಲ್ಲಿ ಬರೆದುಕೊಡುತ್ತಾರೆ. ಕೈಬರಹ ಗುರುತಾಗದಿರಲೆಂದು ಚೀಟಿಗಳನ್ನು ಬೇರೆಯವರು ನಕಲು ಮಾಡುತ್ತಾರೆ. ಪ್ರತಿಯೊಬ್ಬರೂ ಮೆಚ್ಚಿದ್ದನ್ನು ಆರಿಸಿ ಓದುತ್ತಾರೆ. ಆಗ ಮಾತ್ರ ಬರೆದವನು ತನ್ನ ಹೆಸರು ಹೇಳುತ್ತಾನೆ. ಗುರುವಿನ ಪದ್ಯವನ್ನು ಯಾರೂ ಆರಿಸದೆ ಶಿಷ್ಯನ ಪದ್ಯಕ್ಕೆ ಮೆಚ್ಚುಗೆ ಸಲ್ಲುವುದೂ ಇಲ್ಲಿ ಸಾಧ್ಯ. ನಮ್ಮ ಕವಿಗೋಷ್ಠಿಗಳ ವ್ಯವಸ್ಥಾಪಕರು ಇದನ್ನು ಒಮ್ಮೆ ಪ್ರಯೋಗಿಸಿ ನೋಡಬಹುದು. ಹಾರಗಳ ಖರ್ಚಾದರೂ ಉಳಿದೀತು.

ಕನ್ನಡದಲ್ಲಿ 5-7-5 ಎಂದರೆ ಅಕ್ಷರಗಳನ್ನು ಎಣಿಸುವುದು ರೂಢಿ. ಜಪಾನಿನವರು ಎಣಿಸುವುದು ನಮ್ಮ ಮಾತ್ರೆಗೆ ಹತ್ತಿರವಾದುದನ್ನು. ‘ನಿಪ್ಪೊನ್’ ಎಂಬ ಅವರ ದೇಶದ ಹೆಸರು ಅವರ ಎಣಿಕೆಯಲ್ಲಿ ನಾಲ್ಕು. ಒತ್ತಕ್ಷರದ ಹಿಂದಿನದು ಗುರು, ವ್ಯಂಜನ ಸೇರಿದ ಕೊನೆಯದೂ ಗುರುವೆಂದು ಹಿಡಿದರೆ ನಮಗೂ ನಾಲ್ಕೇ ಮಾತ್ರೆ. ಭಾಮಿನೀ ಷಟ್ಪದಿಯ ಮೊದಲ ಪಾದದಲ್ಲಿ 14 ಮಾತ್ರೆಗಳಿವೆ. ಇಡಿಯ ಹೈಕು ಅದಕ್ಕಿಂತ ಮೂರೇ ಮಾತ್ರೆ ಹೆಚ್ಚು! ಅಷ್ಟು ಇಕ್ಕಟ್ಟಿನಲ್ಲಿ ಕವಿ ಏನು ಹೇಳಿಯಾನು? ಅವನಿಗೆ ಒದಗುವುದು ಋತುಪದ. ಒಂದು ಹೂವು, ಒಂದು ಹಕ್ಕಿ, ಒಂದು ಗಾಳಿಯ ಹೆಸರು ಸಾಕು. ತಿಂಗಳು, ಹವೆ, ಓದುಗನ ಬಾಲ್ಯ ಎಲ್ಲವೂ ಅದರ ಬೆನ್ನಿಗೆ ಬರುತ್ತವೆ. ಇಂಥ ಪದಗಳನ್ನು ಋತುವಾರು ವಿಂಗಡಿಸಿದ ಕೋಶಗಳೇ ಅಲ್ಲಿವೆ.

ಹೈಕು ಬರೆಯುವ ನಮ್ಮ ತರುಣರಲ್ಲಿ ಕೆಲವರು ಚೆರಿ ಹೂವನ್ನೂ ಹಿಮವನ್ನೂ ತರುತ್ತಾರೆ. ಮಂಡ್ಯದ ಸೀಮೆಯಲ್ಲಿ ಹಿಮ ಬೀಳುವುದನ್ನು ನಾನು ಕಾಣೆ. ನಮ್ಮ ಋತುಕೋಶ ಪಂಚಾಂಗದಲ್ಲಿದೆ. ಸೂರ್ಯನು 27 ನಕ್ಷತ್ರಗಳನ್ನು ಒಂದೊಂದಾಗಿ ಹಾಯುವ ಹದಿಮೂರು ಹದಿನಾಲ್ಕು ದಿನಗಳಿಗೆ ರೈತನು ಒಂದೊಂದು ಮಳೆಯ ಹೆಸರಿಟ್ಟಿದ್ದಾನೆ: ರೋಹಿಣಿ, ಮೃಗಶಿರ, ಆರಿದ್ರಾ, ಮಘೆ, ಹುಬ್ಬೆ, ಹಸ್ತ, ಸ್ವಾತಿ. ಒಂದೊಂದಕ್ಕೂ ಒಂದೊಂದು ಸ್ವಭಾವ, ಒಂದೊಂದು ಬಿತ್ತನೆ, ಒಂದೊಂದು ಗಾದೆ. ಬಾಶೋ ನಮ್ಮಲ್ಲಿ ಹುಟ್ಟಿದ್ದರೆ ಪಂಚಾಂಗವನ್ನು ಚೀಲದಲ್ಲಿಟ್ಟುಕೊಂಡೇ ತಿರುಗುತ್ತಿದ್ದನೆಂದು ನನ್ನ ಊಹೆ.

ಈ ವಿಚಾರ ನನ್ನಲ್ಲಿ ಬಲವಾದುದು ಕಿಕ್ಕೇರಿಯಲ್ಲಿ. ಕೃಷ್ಣರಾಜಪೇಟೆ ತಾಲ್ಲೂಕಿನ ಈ ಊರಿನ ಹೆಸರನ್ನು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಲಾರರು. ‘ಮೈಸೂರ ಮಲ್ಲಿಗೆ’ಯ (1942) ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ್ದು ಇಲ್ಲಿ. ಹೊಯ್ಸಳರ ಕಾಲದ ಬ್ರಹ್ಮೇಶ್ವರ ದೇವಾಲಯವೂ ದೊಡ್ಡ ಕೆರೆಯೂ ಊರಿಗೆ ಒಡವೆಗಳು. ಸ್ನೇಹಿತರೊಬ್ಬರ ಮನೆಯ ಜಗುಲಿಯಲ್ಲಿ ಹದಿನಾಲ್ಕು ಮಂದಿ ಹುಡುಗ ಹುಡುಗಿಯರು ಸೇರಿದ್ದರು. ಜಪಾನಿನ ಕ್ರಮವನ್ನು ವಿವರಿಸಿ, ‘ಆರಿದ್ರಾ’ ಎಂದು ಪದ ಕೊಟ್ಟೆ. ಜೂನ್ ಕೊನೆಯ ವಾರ. ಹೊರಗೆ ಅದೇ ಮಳೆ ಜಿನುಗುತ್ತಿತ್ತು. ಅರ್ಧಕ್ಕರ್ಧ ಮಕ್ಕಳು ಅದು ಯಾರ ಹೆಸರೆಂದು ಕೇಳಿದರು. ಹೇಮಾವತಿಯ ನಾಲೆ ಬಂದ ಸೀಮೆ. ನಾಲೆಯ ನೀರಿಗೆ ನಕ್ಷತ್ರದ ಹಂಗಿಲ್ಲ. ಅಜ್ಜಿಯರನ್ನು ಕೇಳಿ ಬನ್ನಿರೆಂದು ಒಂದು ಗಂಟೆಯ ಬಿಡುವು ಕೊಟ್ಟೆ. ಓಡಿಹೋಗಿ ನೆನೆದು ಬಂದರು. ಬಂದವರ ಬಾಯಲ್ಲಿ ರಾಗಿಯ ಮಾತು, ಗಾದೆಗಳು, ಯಾವುದೋ ವರ್ಷ ಕೈಕೊಟ್ಟ ಮಳೆಯ ದೂರು.

ಚೀಟಿಗಳನ್ನು ಒಬ್ಬ ಹುಡುಗ ನಕಲು ಮಾಡಿದ. ಕೆಲವು ಬರಿಯ ವಾಕ್ಯಗಳು, ಕೆಲವು ಪ್ರಾಸದ ಚೇಷ್ಟೆ. ಆರಿಸುವ ಸರದಿ ಬಂದಾಗ ಒಂಬತ್ತು ಜನ ಒಂದೇ ಚೀಟಿಯನ್ನು ಆರಿಸಿದರು:

ಆರಿದ್ರಾ ಮಳೆ
ಅಪ್ಪನ ಚಪ್ಪಲಿಗೆ
ಒಣ ಕೆಮ್ಮಣ್ಣು

ಓದಿದ ಹುಡುಗಿ ಎರಡನೆಯ ಬಾರಿ ಓದಿದಳು. ಮಳೆ ಹೊಯ್ಯುತ್ತಿರುವಾಗ ಚಪ್ಪಲಿಯ ಮಣ್ಣು ಒಣಗಿರುವುದೇಕೆ ಎಂದು ಚಿಕ್ಕವನೊಬ್ಬ ಕೇಳಿದ. ಪಕ್ಕದವನು ಅವನ ಮೊಣಕೈಯನ್ನು ಮೆಲ್ಲಗೆ ತಟ್ಟಿದ. ಕ್ರಮದಂತೆ, ಬರೆದವರು ಹೆಸರು ಹೇಳಬಹುದು ಎಂದೆ. ಯಾರೂ ಏಳಲಿಲ್ಲ. ನಾನು ಮತ್ತೆ ಕೇಳಲಿಲ್ಲ. ನಕಲು ಮಾಡಿದ ಹುಡುಗನಿಗೆ ಕೈಬರಹ ಗೊತ್ತಿದ್ದಿರಬೇಕು. ಅವನು ಮಳೆಯ ಕಡೆ ನೋಡುತ್ತಿದ್ದ.

ಏನು ಬೇಕಾದರೂ ಬರೆಯಿರಿ ಎಂದಿದ್ದರೆ ಆ ಕೈ ಈ ಚಪ್ಪಲಿಯನ್ನು ಮುಟ್ಟುತ್ತಿತ್ತೆ? ತಾಯಿಯ ಮಮತೆ, ದೇಶದ ಹಿರಿಮೆ ಎಂದು ಎಲ್ಲರೂ ಬರೆಯುವುದನ್ನೇ ಬರೆದು ಎದ್ದುಹೋಗುತ್ತಿತ್ತೆಂದು ಮಕ್ಕಳೊಡನೆ ಬಹಳ ವರ್ಷ ಕಳೆದ ನನ್ನ ಅನುಭವ ಹೇಳುತ್ತದೆ. ಮಳೆಯ ಮೇಲೆ ಬರೆಯಬೇಕೆಂಬ ನೆಪ ಸಿಕ್ಕಿತು. ಆ ನೆಪದ ಮರೆಯಲ್ಲಿ ಬಾಗಿಲ ಬಳಿಯ ಚಪ್ಪಲಿ ಕಂಡಿತು. ಸಂಜೆ ಹೊರಡುವಾಗ ಮಕ್ಕಳು ಮುಂದಿನ ಪದ ಕೊಡಿರೆಂದರು. ನೀವೇ ಆರಿಸಿ ಎಂದೆ. ತುಸು ಜಗಳವಾಡಿ ‘ಹುಬ್ಬೆ’ ಎಂದು ಗೊತ್ತುಮಾಡಿದರು. ಅದು ಬರುವುದು ಆಗಸ್ಟಿನ ಕೊನೆಗೆ.