ಯಾವ ಬಭ್ರುವಾಹನನು ನಿಜವಾದವನು?

ಕೆಲವು ವರ್ಷಗಳ ಹಿಂದೆ ಹೊನ್ನವಳ್ಳಿಯ ಸಮೀಪದ ಒಂದು ಊರಿನಲ್ಲಿ ಮೂಡಲಪಾಯದ ಆಟವನ್ನು ನೋಡಲು ಹೋಗಿದ್ದೆವು. ಪ್ರಸಂಗ ಬಭ್ರುವಾಹನನ ಕಾಳಗ. ಬೆಳಗಿನ ಜಾವಕ್ಕೆ ಅರ್ಜುನನ ತಲೆ ಹಾರಿತು, ಮಣಿ ಬಂದಿತು, ಮಂಗಳವಾಯಿತು. ಆಟ ಮುಗಿದ ಮೇಲೆ ನಮ್ಮ ವಿದ್ಯಾರ್ಥಿಯೊಬ್ಬನು ತಂಡದ ಹಿರಿಯರೊಡನೆ ವಾದಕ್ಕಿಳಿದನು. “ತಾತ, ತಲೆ ಹಾರಿದ್ದು ಸುಳ್ಳು. ವ್ಯಾಸಭಾರತದ ಅನುವಾದದಲ್ಲಿ ಹಾಗಿಲ್ಲ. ಸುಳ್ಳು ಕಥೆಗೆ ನಾವೇಕೆ ಚಂದಾ ಕೊಡಬೇಕು?” ಹಿರಿಯರು ಕಿರೀಟವನ್ನು ಬಿಚ್ಚುತ್ತಲೇ, “ನಮ್ಮಪ್ಪನ ಕಾಲದಿಂದ ಹಾರ್ತಿರೋ ತಲೆ, ನಿನ್ನ ಪುಸ್ತಕಕ್ಕೋಸ್ಕರ ನಿಂತುಬಿಡ್ತದೇನಪ್ಪಾ?” ಎಂದರು. ಪಕ್ಕದಲ್ಲಿದ್ದ ಮತ್ತೊಬ್ಬನು 1977ರ ‘ಬಭ್ರುವಾಹನ’ ಚಲನಚಿತ್ರದಲ್ಲಿ ರಾಜಕುಮಾರರೇ ತಂದೆಯೂ ಮಗನೂ ಆಗಿ ಅಭಿನಯಿಸಿದ್ದನ್ನು ನೆನಪಿಸಿ, ಅದೇ ಕೊನೆಯ ಪ್ರಮಾಣವೆಂಬಂತೆ ಮಾತನಾಡಿದನು. ನಗು ಬಂದರೂ ಹಿರಿಯರ ಮುಖ ಸಪ್ಪಗಾದುದು ನಮಗೆ ಕಾಣಿಸಿತು.

ಕಾವ್ಯ, ಬಯಲಾಟ, ಚಲನಚಿತ್ರ, ದೂರದರ್ಶನ ಇಷ್ಟು ಕಡೆಗಳಲ್ಲಿ ಒಂದೇ ಕಥೆ ಹರಿದಿರುವಾಗ ಪ್ರಮಾಣವಾದುದು ಯಾವುದು? ವಿದೇಶಗಳಲ್ಲಿ ಇಂತಹ ಕಥಾಸಮೂಹಗಳಿಗೆ ಒಡೆತನದ ಸಂಸ್ಥೆಯೊಂದಿದ್ದರೆ ಅದೇ ತೀರ್ಪು ಕೊಟ್ಟುಬಿಡುತ್ತದೆ. ಭಾರತಕ್ಕೆ ಅಂತಹ ಒಡೆಯರಿಲ್ಲ.

ಮೊದಲು ತಲೆಯ ವಿಷಯವನ್ನೇ ನೋಡೋಣ. ವ್ಯಾಸಭಾರತದ ಅಶ್ವಮೇಧ ಪರ್ವದಲ್ಲಿ ಮಗನ ಬಾಣವು ನಾಟಿ ಅರ್ಜುನನು ಬೀಳುತ್ತಾನೆ. ಉಲೂಪಿಯು ನೆನೆದೊಡನೆ ಮಣಿ ಒದಗುತ್ತದೆ. ಅದನ್ನು ಎದೆಯ ಮೇಲಿರಿಸಲು ಅವನು ಎದ್ದು ಕೂರುತ್ತಾನೆ. ತಲೆ ಕಡಿಯುವುದು, ಮಣಿಗಾಗಿ ಪಾತಾಳದಲ್ಲಿ ಸರ್ಪಗಳೊಡನೆ ಕಾದುವುದು, ಕಡಿದ ತಲೆ ಕಳುವಾಗುವುದು ಇವೆಲ್ಲ ಜೈಮಿನಿಯ ಹೆಸರಿನ ಬೇರೊಂದು ಪರಂಪರೆಯವು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದುದರಿಂದ ಅವನಲ್ಲಿ ಅಶ್ವಮೇಧವೇ ಇಲ್ಲ. ಕನ್ನಡಿಗರಿಗೆ ಈ ಕಥೆಯನ್ನು ಮನೆಮಾತಾಗಿಸಿದವನು ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ. ಅವನ ಜೈಮಿನಿ ಭಾರತದ ಚಂದ್ರಹಾಸನಾಗಲಿ ಸುಧನ್ವನಾಗಲಿ ವ್ಯಾಸನಲ್ಲಿ ಕಾಣಬರುವುದಿಲ್ಲ. ಆದುದರಿಂದ ಆ ಹಿರಿಯರು ಸುಳ್ಳನ್ನಾಡಲಿಲ್ಲ; ಬೇರೊಂದು ಗ್ರಂಥಕ್ಕೆ ನಿಷ್ಠರಾಗಿದ್ದರು, ಅಷ್ಟೆ.

ಇನ್ನು ವ್ಯಾಸಭಾರತವೆಂದರೆ ಯಾವುದು? ಈ ಪ್ರಶ್ನೆಯನ್ನು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿತು. 1,259 ಹಸ್ತಪ್ರತಿಗಳು ಪರಿಶೀಲನೆಗೆ ಒಳಗಾದುವು. 1925ರಿಂದ 1943ರವರೆಗೆ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಕಥಣಕರ್ ಅವರು ಕೇಂಬ್ರಿಡ್ಜಿನಲ್ಲಿ ಗಣಿತವನ್ನು ಓದಿದವರು. ಭೌತಶಾಸ್ತ್ರದವರಾದ ನಮಗೆ ಇದು ಹೆಮ್ಮೆಯ ಸಂಗತಿಯೆಂದು ಒಪ್ಪಿಕೊಳ್ಳುತ್ತೇವೆ.

ಈ ಶೋಧನೆಯ ತಿರುಳು ಒಂದೇ: ಪ್ರತಿಗಳನ್ನು ಎಣಿಸಬಾರದು, ತೂಗಬೇಕು. ಒಬ್ಬ ಲಿಪಿಕಾರನ ಕಣ್ಣು ಒಂದು ಸಾಲನ್ನು ಹಾರಿಸಿತೆಂದು ಭಾವಿಸೋಣ. ಅವನ ಪ್ರತಿಯಿಂದ ನೂರು ಪ್ರತಿಗಳಾದರೆ ನೂರರಲ್ಲಿಯೂ ಆ ಸಾಲು ಇರದು. ನೂರು ಇದ್ದರೂ ಸಾಕ್ಷಿ ಒಂದೇ. ಸವೆದ ಅಳತೆಪಟ್ಟಿಯಿಂದ ಒಂದೇ ಮೇಜನ್ನು ನೂರು ಸಲ ಅಳೆದರೆ ತಪ್ಪು ಕಡಿಮೆಯಾಗುವುದೇ? ಬೇರೊಂದು ಪಟ್ಟಿ ಬೇಕು. ಹಾಗೆಯೇ, ಕಾಶ್ಮೀರದ ಶಾರದಾ ಲಿಪಿಯ ಪ್ರತಿಯೂ ಕೇರಳದ ಮಲಯಾಳ ಲಿಪಿಯ ಪ್ರತಿಯೂ ಒಂದು ಪಾಠವನ್ನು ಒಪ್ಪಿದರೆ, ಅಷ್ಟು ದೂರದವರು ಪರಸ್ಪರ ನೋಡಿ ಬರೆದಿರುವ ಸಂಭವ ಕಡಿಮೆಯಾದುದರಿಂದ, ಆ ಪಾಠವು ಹಳೆಯದೆನ್ನಬಹುದು. ಸಮಾನವಾದ ತಪ್ಪುಗಳು ಸಮಾನ ಪೂರ್ವಜನನ್ನು ಸೂಚಿಸುತ್ತವೆ. ಜೀವಿಗಳ ವಂಶವೃಕ್ಷಕ್ಕೂ ತರ್ಕ ಇದೇ. 1998ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಚಾಸರ್ ಕವಿಯ ಒಂದು ಭಾಗದ 58 ಹಸ್ತಪ್ರತಿಗಳನ್ನು ಜೀವವಿಜ್ಞಾನದ ಗಣಕ ವಿಧಾನದಿಂದಲೇ ವಿಂಗಡಿಸಿದರು.

ಆದರೆ ತೊಡಕೊಂದುಂಟು. ನಮ್ಮ ಸೀಮೆಯ ತೋಟಗಾರನು ಒಳ್ಳೆಯ ತಾಯಿಮರದಿಂದ ಬಿತ್ತನೆಕಾಯಿ ಆರಿಸಿದರೂ ಸಸಿ ತಾಯಿಯಂತೆಯೇ ಆಗುವುದಿಲ್ಲ. ಎತ್ತರದ ತಳಿಯ ತೆಂಗಿಗೆ ಪಕ್ಕದ ತೋಟದ ಪರಾಗ ಬಿದ್ದಿರುತ್ತದೆ. ಲಿಪಿಕಾರರೂ ಎರಡು ಪ್ರತಿಗಳನ್ನು ಎದುರಿಟ್ಟುಕೊಂಡು ಬೆರೆಸಿ ಬರೆದರು. ಆಗ ವಂಶವೃಕ್ಷದ ಕೊಂಬೆಗಳು ಹೆಣೆದುಕೊಂಡುಬಿಡುತ್ತವೆ. ಈ ಕಾರಣದಿಂದಲೇ ಸಿದ್ಧವಾದ ಪಾಠವು ವ್ಯಾಸರ ಮೂಲವೆಂದು ಸಂಪಾದಕರು ಸಾರಲಿಲ್ಲ. ಹಸ್ತಪ್ರತಿಗಳ ಮೂಲಕ ತಲುಪಬಹುದಾದ ಅತ್ಯಂತ ಹಳೆಯ ರೂಪವೆಂದರು.

ಆ ಪಾಠದಿಂದ ಗಣಪತಿಯು ಭಾರತವನ್ನು ಬರೆದುಕೊಂಡ ಕಥೆ ಹೊರಬಿದ್ದಿತು. ಸಭಾಪರ್ವವನ್ನು ಸಂಪಾದಿಸಿದ ಅಮೆರಿಕದ ಫ್ರಾಂಕ್ಲಿನ್ ಎಡ್ಜರ್ಟನ್ನರು ದ್ರೌಪದಿಯು ಕೃಷ್ಣನನ್ನು ಕೂಗುವ ಶ್ಲೋಕಗಳನ್ನು ಮೂಲಪಾಠಕ್ಕೆ ಸೇರಿಸಲಿಲ್ಲ; ಅಲ್ಲಿ ಸೀರೆಗಳು ಬರುತ್ತವೆ, ಕೊಟ್ಟವರ ಹೆಸರಿಲ್ಲ. ಹೀಗಿದ್ದರೂ ಅದೇ ಸಂಸ್ಕರಣದ ಉದ್ಯೋಗಪರ್ವದಲ್ಲಿ, ದೂರದಲ್ಲಿದ್ದ ತನ್ನನ್ನು ದ್ರೌಪದಿ ಗೋವಿಂದಾ ಎಂದು ಕೂಗಿದಳೆಂದು ಕೃಷ್ಣನೇ ನೆನೆಯುತ್ತಾನೆ! ಒಂದು ಕಡೆ ಮುಚ್ಚಿದ ಬಾಗಿಲು ಮತ್ತೊಂದು ಕಡೆ ಅರ್ಧ ತೆರೆದಿದೆ.

ರಾಜಾಶ್ರಯದ ಪ್ರಮಾಣವೂ ಒಂದು ಕಾಲಕ್ಕೆ ಇತ್ತು. 941ರ ಸುಮಾರಿನಲ್ಲಿ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ಅದಕ್ಕೆ ತಕ್ಕಂತೆ ದ್ರೌಪದಿಯು ಅರ್ಜುನನೊಬ್ಬನ ಮಡದಿಯಾದಳು, ಪಟ್ಟಾಭಿಷೇಕವೂ ಅವನಿಗೇ ಆಯಿತು. ಕವಿ ಪಂಪನಾದುದರಿಂದ ಕಾವ್ಯ ಉಳಿಯಿತು. ಜನರ ಕಥೆಯಲ್ಲಿ ಮಾತ್ರ ಐವರೂ ಗಂಡಂದಿರಾಗಿಯೇ ಉಳಿದರು. ಅರಸನ ಅಧಿಕಾರಕ್ಕಿಂತ ಕೇಳುವವರ ಒಪ್ಪಿಗೆಯೇ ಬಲವಾದುದೆಂದು ನಮ್ಮ ಅನಿಸಿಕೆ.

ಆ ವಿದ್ಯಾರ್ಥಿಗೆ ಇಷ್ಟನ್ನೂ ಹೇಳಿ, ಮರುವಾರ ಅವನನ್ನು ಕರೆದುಕೊಂಡು ಹಿರಿಯರ ಮನೆಗೆ ಹೋದೆವು. ಅವರ ಬಳಿ ಪ್ರಸಂಗದ ಎರಡು ಪುಸ್ತಕಗಳಿದ್ದವು. ಒಂದನ್ನು ಇಲಿ ಕಡಿದಿತ್ತು. ಎರಡರಲ್ಲಿಯೂ ಒಂದೇ ಸ್ಥಳದಲ್ಲಿ ಪದ್ಯವೊಂದು ಅರ್ಧಕ್ಕೆ ನಿಂತಿದೆಯೆಂದೂ, ಹಳೆಯದರಲ್ಲಿ ಆ ಮೂಲೆಯನ್ನೇ ಇಲಿ ತಿಂದಿದೆಯೆಂದೂ ಹುಡುಗನೇ ಗುರುತಿಸಿದನು. “ತಾತ, ಇದು ಅದರಿಂದಲೇ ಇಳಿಸಿಕೊಂಡದ್ದು. ಎರಡಿದ್ದರೂ ಒಂದೇ ಲೆಕ್ಕ” ಎಂದನು. ಹಿರಿಯರು ಎರಡನ್ನೂ ತಿರುವಿ ನೋಡಿದರು. “ಹಂಗಾದ್ರೆ ಬೇರೆ ಊರಲ್ಲಿ ಇನ್ನೊಂದು ಸಿಗ್ತದೇನೋ ವಿಚಾರಿಸಪ್ಪಾ. ಆ ಅರ್ಧ ಪದ್ಯ ನಾವು ಹಾಡೇ ಇಲ್ಲ” ಎಂದರು.